ಜನವಿಲ್ಲದ ಹೊತ್ತಿನ ಟಿಕೆಟ್

ಹಳೇ ಅರಮನೆ ನೋಡಲು ಬರುವವರಿಗೆ ಟಿಕೆಟ್ ಹೊಂದಿಸಿಕೊಡುವ ಅವಳನ್ನು ಬಸ್ ಡ್ರೈವರುಗಳಿಂದ ಹಿಡಿದು ಬಾಗಿಲ ಕಾವಲುಗಾರನವರೆಗೆ ಎಲ್ಲರೂ ಕರೆಯುವುದು ಟೈಮಕ್ಕ ಎಂದೇ. ಟಿಕೆಟ್ಟನ್ನು ಫೋನಿದ್ದವರು ಯಾರಾದರೂ ತೆಗೆದಾರು. ಆದರೆ ಯಾವ ಹೊತ್ತಿನದು ತೆಗೆಯಬೇಕು ಎನ್ನುವುದಿದೆಯಲ್ಲ, ಅದು ಇವಳನ್ನೇ ಕೇಳಬೇಕು. ಶಾಲೆಯ ಬಸ್ಸುಗಳು ಯಾವಾಗ ನುಗ್ಗುತ್ತವೆ, ಅಂಗಳದ ಕಲ್ಲು ಯಾವಾಗ ಕಾದು ಕಾಲು ಸುಡುತ್ತದೆ, ಎಲ್ಲ ಅಂಗೈ ನೆಲ್ಲಿಕಾಯಿ. ಬಸುರಿಯೊಬ್ಬಳು ಬರುತ್ತಾಳೆಂದರೆ ಹಿಂದಿನ ದಿನವೇ ಒಂದು ಸುತ್ತು ನಡೆದು, ಎಲ್ಲೆಲ್ಲಿ ಕೂರಲು ಜಾಗವಿದೆ ಎಂದು ನೋಡಿಬರುವ ಹೆಂಗಸು. ಇಂಥವರು ಹುಡುಕಿದರೂ ಸಿಗುವುದಿಲ್ಲ.

ಆದರೂ ದೀಪದ ಬುಡದಲ್ಲೇ ಕತ್ತಲೆ. ಸ್ವಂತ ಅತ್ತೆ ಅರಮನೆಯ ಹೊಸ್ತಿಲು ತುಳಿದಿರಲಿಲ್ಲ.

"ಊರಿಗೆಲ್ಲ ಅರಮನೆ ತೋರಿಸ್ತೀಯ, ನನಗೆ ಮಾತ್ರ ಅಡುಗೆಮನೆ" ಎಂದು ಅವರು ಸಮಯ ಸಿಕ್ಕಾಗಲೆಲ್ಲ ಚುಚ್ಚುತ್ತಿದ್ದರು.

ಮುಂದಿನ ವಾರ ಅತ್ತೆಗೆ ಮಂಡಿ ಆಪರೇಷನ್. ಆಮೇಲೆ ಎಷ್ಟು ನಡೆದಾರು ಎಂದು ಡಾಕ್ಟರೂ ಗಟ್ಟಿಯಾಗಿ ಹೇಳಲಿಲ್ಲ. ಅದಕ್ಕೆ ಮೊದಲು ಒಂದು ಸಲವಾದರೂ ಅವರು ಮನದಣಿಯೆ ನೋಡಬೇಕು ಎಂದು ಟೈಮಕ್ಕ ಹಟ ಹಿಡಿದಳು. ತನ್ನ ವಿದ್ಯೆಯನ್ನೆಲ್ಲ ಧಾರೆಯೆರೆದು, ವಾರದ ನಡುವೆ, ಬಾಗಿಲು ತೆರೆಯುವ ಹೊತ್ತಿನ ಟಿಕೆಟ್ ತೆಗೆದಳು. ನೂಕುನುಗ್ಗಲಿನ ಮಾತೇ ಇಲ್ಲ.

ದರ್ಬಾರ್ ಹಾಲಿನಲ್ಲಿ ಇವರಿಬ್ಬರ ಹೆಜ್ಜೆಯ ಸದ್ದೇ ಸದ್ದು. ಅತ್ತೆ ಸಿಂಹಾಸನ ನೋಡಿದರು, ಆಳೆತ್ತರದ ಕನ್ನಡಿ ನೋಡಿದರು, ಮತ್ತೆ ಬಾಗಿಲ ಕಡೆಗೇ ತಿರುಗಿದರು.

"ಯಾಕತ್ತೆ, ಚೆನ್ನಾಗಿಲ್ವಾ?"

"ಚೆನ್ನಾಗೇನೋ ಇದೆ. ಒಂದು ನರಪಿಳ್ಳೆನೂ ಇಲ್ವಲ್ಲೇ! ನೀವೆಲ್ಲ ಕೆಲಸಕ್ಕೆ ಹೋದ್ಮೇಲೆ ನಮ್ಮನೇನೂ ಹೀಗೇ ಇರುತ್ತೆ. ಇದಕ್ಕೆ ಟಿಕೆಟ್ ಬೇರೆ ತೆಗೆದ್ಯಾ?"

ಜನರಿಂದ ಜನರನ್ನು ಕಾಪಾಡಿ ಕಾಪಾಡಿ ಟೈಮಕ್ಕನಿಗೆ ಅದೇ ಅಭ್ಯಾಸವಾಗಿತ್ತು. ಏನು ಬೇಕು ಎಂದು ಅತ್ತೆಯನ್ನು ಕೇಳಿಯೇ ಇರಲಿಲ್ಲ.

"ಬನ್ನಿ, ಈ ಬೆಂಚಲ್ಲಿ ಕೂತ್ಕೊಳ್ಳಿ. ಒಳಗೆ ಬಂದವರು ಸಂಜೆವರೆಗೂ ಇರಬಹುದು. ಈಗ ಬರ್ತಾರೆ ನೋಡಿ ಜನ."

"ನಿನ್ನ ಕೆಲಸ?"

"ಅದು ಹಾಳಾಗಿ ಹೋಗ್ಲಿ."

ಬಂದರು. ಬಸ್ಸುಗಟ್ಟಲೆ ಬಂದರು. ಮಕ್ಕಳು ಕಿರುಚಿದವು, ಗೈಡುಗಳು ಒಬ್ಬರ ಮೇಲೊಬ್ಬರು ಕೂಗಿದರು. ಅತ್ತೆ ಎದ್ದು ನಿಂತರು. ಯಾರದೋ ಕೂಸಿನ ಕೆನ್ನೆ ಚಿವುಟಿದರು, ದಾರಿಗಡ್ಡ ನಿಂತು ಫೋಟೊ ತೆಗೆಯುತ್ತಿದ್ದ ಹೊಸ ಜೋಡಿಯನ್ನು ಗದರಿದರು, ಗುರುತಿಲ್ಲದ ಹೆಂಗಸಿನ ತೋಳು ಹಿಡಿದು ಮಹಡಿಯ ಮೆಟ್ಟಿಲನ್ನೂ ಹತ್ತಿಬಿಟ್ಟರು. ಆ ಮಂಡಿಯಲ್ಲಿ!

ಕೆಳಗೆ ಅವರ ಚೀಲ ಹಿಡಿದು ನಿಂತಿದ್ದ ಟೈಮಕ್ಕ ಗಾಬರಿಯಿಂದ ಮೇಲೆ ನೋಡಿದಳು. ಅತ್ತೆ ಮಹಡಿಯಂಚಿನ ಕಟಾಂಜನ ಹಿಡಿದು ಬಗ್ಗಿ, ಅಕ್ಕಪಕ್ಕದವರಿಗೆಲ್ಲ ಅವಳನ್ನೇ ತೋರಿಸುತ್ತಿದ್ದರು.

"ನೋಡಿ, ಅಲ್ಲಿ ನಿಂತಿದಾಳಲ್ಲ, ನನ್ನ ಸೊಸೆ ಕಣ್ರೀ! ಊರೂರನ್ನೇ ಈ ಅರಮನೆಗೆ ಕಳಿಸೋಳು ಅವಳೇ!"

ಮಹಡಿಯ ಗುಂಪೆಲ್ಲ ಬಗ್ಗಿ ನೋಡಿತು. ಇಷ್ಟು ವರ್ಷಗಳಲ್ಲಿ ಅತ್ತೆಯ ಬಾಯಿಂದ ಟೈಮಕ್ಕ ಕೇಳಿದ ಮೊದಲ ಹೊಗಳಿಕೆ ಅದು. ಅದನ್ನು ಹೇಳಲು ಅವರಿಗೆ ಜನ ಬೇಕಾಗಿತ್ತು.