ಶೆಡ್ ಬ್ಯಾಕ್

ಎರಡು ವರ್ಷದಿಂದ ಮುಚ್ಚಿಟ್ಟ ಸುಳ್ಳೊಂದನ್ನು ಇವತ್ತು ಹೇಳಿಬಿಡುತ್ತೇನೆ.

ನಮ್ಮ ಹಿತ್ತಲಿನ ತಗಡಿನ ಶೆಡ್ ಮೇಲೆ ಕಂಪ್ಲೇಂಟ್ ಕೊಟ್ಟವರು ಹಿಂದಿನ ಮನೆಯ ಈರಪ್ಪ ಕಾಕಾ ಅಲ್ಲ. ಯಾರೂ ಕೊಟ್ಟಿರಲಿಲ್ಲ. ತಪ್ಪು ನನ್ನದು.

ಆ ಶೆಡ್ ಕಟ್ಟಿದ್ದು ಅಕ್ಕನಿಗಾಗಿ. ಅವಳು ಬ್ಲೌಸ್ ಹೊಲಿಯುತ್ತಾಳೆ. ಬ್ಯಾಡಗಿಯ ನಮ್ಮ ಮನೆಗೆ ಒಂದೇ ಪಡಸಾಲೆ, ಅದರ ತುಂಬ ಅವ್ವ ತೊಟ್ಟು ಬಿಡಿಸುವ ಮೆಣಸಿನಕಾಯಿ. ಬಿಳಿ ಬಟ್ಟೆ ಹಿಡಿದು ಕುಳಿತರೆ ಸಂಜೆಯೊಳಗೆ ಅದಕ್ಕೆ ಕೆಂಪು ಧೂಳು. ಹೊಲಿಗೆಗಿಂತ ಸೀನೇ ಹೆಚ್ಚು.

"ನನಗೂ ಒಂದು ಬಾಗಿಲಿರೋ ಜಾಗ ಬೇಕೋ ತಮ್ಮಾ" ಅಂದಿದ್ದಳು.

ಪುರಸಭೆಗೆ ಹೋಗಿ ಕೇಳಿದೆ. ಎಂಜಿನಿಯರ್ ಫೈಲಿನಿಂದ ತಲೆ ಎತ್ತದೆ, "ಸೆಟ್‌ಬ್ಯಾಕ್ ಇರಬೇಕು ನೋಡಪಾ. ಅದಿಲ್ಲಂದ್ರ ನಡಿಯಂಗಿಲ್ಲ" ಅಂದರು.

ನನ್ನ ಕಿವಿಗೆ ಬಿದ್ದದ್ದು "ಶೆಡ್ ಬ್ಯಾಕ್". ಶೆಡ್ ಹಿಂದೆ ಇರಬೇಕು ಅಂತ.

ಒಂದು ಅನುಮಾನ ಬಂತು. ಆದರೆ ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಹಾಗಂದರೇನು ಎಂದು ಕೇಳಲು ಬಾಯಿ ಬರಲಿಲ್ಲ.

ಎಷ್ಟು ಹಿಂದೆ ಆಗುತ್ತದೋ ಅಷ್ಟು ಹಿಂದೆ, ಕಾಕಾನ ಗೋಡೆಗೆ ತಾಗಿಸಿ ಕಟ್ಟಿದೆ. ಒಂದು ಬೆರಳಿನ ಜಾಗವನ್ನೂ ಬಿಡಲಿಲ್ಲ.

ಆರು ತಿಂಗಳು ಹಿತ್ತಲಿನಿಂದ ಮಷಿನ್ ಸದ್ದು ಬಂತು. ಅಕ್ಕ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುವುದನ್ನು ನೋಡುವುದೇ ಒಂದು ಖುಷಿ.

ಕಂದಾಯಕ್ಕೆಂದು ಮನೆ ಅಳೆಯಲು ಬಂದ ಪುರಸಭೆಯವರು ಶೆಡ್ ನೋಡಿದರು. ಶೆಡ್ ತೆಗೆಯಬೇಕೆಂದು ನೋಟಿಸ್ ಬಂತು. ಗೋಡೆಗೂ ಶೆಡ್‌ಗೂ ನಡುವೆ ಖಾಲಿ ಬಿಡಬೇಕಾದ ಜಾಗಕ್ಕೆ ಸೆಟ್‌ಬ್ಯಾಕ್ ಅನ್ನುತ್ತಾರೆಂದು ಆಗ ಗೊತ್ತಾಯಿತು.

ಮನೆಗೆ ಬಂದು, "ಕಾಕಾ ಕಂಪ್ಲೇಂಟ್ ಕೊಟ್ಟಾರ" ಅಂದುಬಿಟ್ಟೆ.

ಅವ್ವ ಕಾಕಾನ ಮನೆಯವರ ಜೊತೆ ಮಾತು ಬಿಟ್ಟಳು. ನಾನು ತಗಡು ಬಿಚ್ಚಿದೆ. ಅಕ್ಕ ಮಷಿನ್ ಹೊರಿಸಿಕೊಂಡು ರಾಣೆಬೆನ್ನೂರಿಗೆ ಹೋದಳು. ಅಲ್ಲೊಂದು ಟೇಲರಿಂಗ್ ಅಂಗಡಿಯಲ್ಲಿ ಈಗ ಇನ್ನಿಬ್ಬರ ಜೊತೆ ಮೂರನೆಯವಳಾಗಿ ಕೂರುತ್ತಾಳೆ.

ಪ್ರತಿ ಭಾನುವಾರ ಫೋನ್ ಮಾಡಿ ಅದೇ ಕೇಳುತ್ತಾಳೆ. "ಹಿತ್ತಲದಾಗ ಈಗ ಏನೈತೋ?"

"ಏನಿಲ್ಲ" ಅನ್ನುತ್ತೇನೆ.

ಐತಿ... ಸಿಮೆಂಟ್ ನೆಲ ಹಾಗೇ ಇದೆ. ಮಷಿನ್ ಎಣ್ಣೆಯ ಕಲೆ ಇದೆ. ಮಧ್ಯಾಹ್ನ ಅದರ ಪಕ್ಕ ಹೋಗಿ ಕೂರುತ್ತೇನೆ. ಎಲ್ಲೂ ಹತ್ತು ನಿಮಿಷ ಕೂರದ ನಾನು.

ನಿನ್ನೆ ಅವ್ವನಿಗೆ ಹೇಳಿದೆ. ತೊಟ್ಟು ಬಿಡಿಸುವ ಕೈ ನಿಲ್ಲಿಸದೆ, "ಮೊದಲ ಕಾಕಾನ ಕಡೆ ಹೋಗಿ ಬಾ" ಅಂದಳು.

ಇವತ್ತು ಹೋದೆ. ಕಾಕಾ ಪೂರ್ತಿ ಕೇಳಿಸಿಕೊಂಡರು.

"ಎರಡು ವರ್ಷ ನಿಮ್ಮವ್ವ ನನ್ನ ಮಾರಿ ನೋಡಿಲ್ಲಲೇ. ತಿಳೀಲಿಲ್ಲಂದ್ರ ನನ್ನ ಕೇಳಬೇಕಿತ್ತು."

"ಕೇಳಿದ್ರ ನಗ್ತಿದ್ರಿ, ಕಾಕಾ."

"ನಗ್ತಿದ್ದೆ. ನಕ್ಕು ಹೇಳ್ತಿದ್ದೆ."

ಆಮೇಲೆ ಅವರೇ ಟೇಪ್ ತಂದು ಒಂದು ತುದಿ ಹಿಡಿದರು. ಜಾಗ ಬಿಟ್ಟು ಸುಣ್ಣದ ಗೆರೆ ಎಳೆದೆವು. ಈ ಸಲ ನಕ್ಷೆ ಬರೆಸಿ, ಪರ್ಮಿಷನ್ ಬಂದ ಮೇಲೆಯೇ ತಗಡು ಏರಿಸುವುದು. ಗೆರೆಯೊಳಗೆ ಮಷಿನ್ ಹಿಡಿಸುತ್ತದೆ, ಅಕ್ಕ ಹಿಡಿಸುತ್ತಾಳೆ. ಬಟ್ಟೆ ಕತ್ತರಿಸುವ ಟೇಬಲ್ ಹಿಡಿಸುವುದಿಲ್ಲ.

ಇಷ್ಟಕ್ಕೆ ಅವಳು ವಾಪಸ್ ಬರುತ್ತಾಳಾ? ಗೊತ್ತಿಲ್ಲ. ಅವಳದು ಬಟನ್ ಫೋನ್, ನಾನು ಆನ್‌ಲೈನ್‌ನಲ್ಲಿ ಹಾಕುವ ಇದನ್ನು ಓದುವುದಿಲ್ಲ. ಫೋನಿನಲ್ಲಿ ಹೇಳುವ ಮಾತೂ ಇದಲ್ಲ.

ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ರಾಣೆಬೆನ್ನೂರಿಗೆ ಹೊರಡುತ್ತಿದ್ದೇನೆ.