ಡಿಕ್ಕಿಯೊಳಗಿನ ದೊಡ್ಡ ಸ್ಪೀಕರ್

ನಾನು ಬಿಎಸ್ಸಿ ಪಾಸಾದಾಗ ಆ ಮಾರ್ಕ್ಸ್ ಕಾರ್ಡನ್ನು ಓದಬಲ್ಲವರು ನಮ್ಮ ಮನೆಯಲ್ಲಿ ನನ್ನ ಬಿಟ್ಟರೆ ಯಾರೂ ಇರಲಿಲ್ಲ. ಅಪ್ಪ ಸಾಗರದ ಅಡಿಕೆ ಮಂಡಿಯಲ್ಲಿ ಹಮಾಲಿ. ಕಾರ್ಡು ತೋರಿಸಲು ಹೋದರೆ, ಕೈ ಕೊಳೆ ಎಂದು ಹಿಂದೆ ಸರಿದು, "ನೀನೇ ಹಿಡ್ಕ, ನಾ ನೋಡ್ತೀನಿ" ಅಂದಿದ್ದ. ಅಣ್ಣ ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು ಲಾರಿ ಕ್ಲೀನರ್ ಆದವನು. ಆಮೇಲೆ ಡ್ರೈವರ್ ಆಗಿ, ಕಡೆಗೆ ಒಂದು ಹಳೇ ಅಂಬಾಸಿಡರ್ ಟ್ಯಾಕ್ಸಿಗೆ ಒಡೆಯನಾದ. ಅವನು ಸ್ಲೇಟು ಕೆಳಗಿಟ್ಟಿದ್ದಕ್ಕೇ ನಾನು ಕಾಲೇಜು ಮೆಟ್ಟಿಲು ಹತ್ತಿದ್ದು. ಇದನ್ನು ಅವನು ಒಂದು ದಿನವೂ ಆಡಿ ತೋರಿಸಲಿಲ್ಲ. ಆಡಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು.

ಎಂಬತ್ತರ ದಶಕದ ನಡುವಿನ ಮಾತು. ಅಣ್ಣನಿಗೆ ಕೋಣಂದೂರಿನಲ್ಲಿ ಹೆಣ್ಣು ಗೊತ್ತಾಯಿತು. ನಿಶ್ಚಯದ ದಿನ ಹುಡುಗಿಯ ಸೋದರಮಾವ, ಹೆಗಲ ಮೇಲೆ ಜರಿ ಶಾಲು ಹಾಕಿಕೊಂಡು ಚಾಪೆಯ ನಡುವೆ ಕೂತಿದ್ದವರು, ಅಪ್ಪನನ್ನು ಕೇಳಿದರು:

"ಹುಡ್ಗ ಡ್ರೈವರು, ಆಯ್ತು. ತಮ್ಮ ಬಿಎಸ್ಸಿ ಅಂತೀರಿ. ಈಗ ಎಂತ ಮಾಡ್ತಿದಾನೆ?"

"ಕೆಲ್ಸ ಹುಡುಕ್ತಿದಾನೆ" ಅಂದ ಅಪ್ಪ.

"ಅದನ್ನ ನಮ್ಮೂರಲ್ಲಿ ಏಳನೇ ಕ್ಲಾಸ್ ಫೇಲಾದವ್ರೂ ಮಾಡ್ತಾರಲ್ರೀ. ಅದಕ್ಕೆ ಬಿಎಸ್ಸಿ ಎಂತಕ್ಕೆ?"

ಮನೆ ತುಂಬ ನಗು. ಅಪ್ಪನೂ ನಕ್ಕ. ವಾಪಸು ಬರುವಾಗ ರಿಪ್ಪನ್‌ಪೇಟೆ ದಾಟುತ್ತಲೇ ಅಣ್ಣ ಸ್ಟೇರಿಂಗ್ ಮೇಲೆ ಒಂದು ಗುದ್ದು ಗುದ್ದಿದ.

"ಮದ್ವೆ ದಿನ ಈ ಕಾರು ಕೋಣಂದೂರು ಮುಟ್ಟೋ ಮುಂಚೆ ಇದ್ರ ಹಾಡು ಮುಟ್ಬೇಕು. ಆ ಮಾವನ ಎದೆ ನಡುಗ್ಬೇಕು. ನೀ ಓದಿದೀಯಲ್ಲ, ಮಾಡು. ಕಾರು ನಿನ್ ಕೈಗೆ ಕೊಟ್ಟಿದೀನಿ."

ಅವನ ಅನ್ನದ ಕಾರು ಅದು. ಅದರ ಬಾನೆಟ್ಟಿನ ಮೇಲೆ ಯಾರಾದರೂ ಕೈಯೂರಿ ನಿಂತರೂ ಅವನಿಗೆ ಆಗುತ್ತಿರಲಿಲ್ಲ.

ಸಬ್‌ವೂಫರ್ ಎಂಬ ಮಾತು ಆಗ ಸಾಗರಕ್ಕೆ ಬಂದಿರಲಿಲ್ಲ. ನಾವು ಕರೆಯುತ್ತಿದ್ದುದು ದೊಡ್ಡ ಸ್ಪೀಕರ್ ಎಂದೇ. ಪೇಟೆಯ ರೇಡಿಯೋ ರಿಪೇರಿಯವನ ಅಟ್ಟದಲ್ಲಿ, ಮುಚ್ಚಿಹೋದ ಟೆಂಟ್ ಸಿನಿಮಾದ್ದೊಂದು ಸ್ಪೀಕರ್ ಬಿದ್ದಿತ್ತು. ಊಟದ ತಟ್ಟೆಗಿಂತ ಅಗಲ, ಎತ್ತಿದರೆ ರುಬ್ಬುಗುಂಡಿನ ಭಾರ. ಕಾರಿನ ಬ್ಯಾಟರಿಗೆ ಹೊಂದುವ ಆಂಪ್ಲಿಫಯರನ್ನು ಅವನೇ ಕೂರಿಸಿಕೊಟ್ಟ. ಪೆಟ್ಟಿಗೆ ನನ್ನ ಪಾಲಿಗೆ ಬಂತು. ಅಂಗಳದಲ್ಲಿ ಪ್ಲೈವುಡ್ ಹರವಿಕೊಂಡು, ಮೂರು ದಿನ ಲೆಕ್ಕ ಹಾಕಿ, ಎರಡು ದಿನ ಕೊಯ್ದೆ. ಸ್ಪೀಕರಿಗೆ ಪೆಟ್ಟಿಗೆ ಯಾಕೆ ಎಂದು ಅಪ್ಪ ಕೇಳಿದ. ಬರೀ ಸ್ಪೀಕರ್ ಇಟ್ಟರೆ ಹಿಂದಿನಿಂದ ಬರುವ ಸದ್ದು ಮುಂದಿನಿಂದ ಬರುವ ಸದ್ದನ್ನು ತಿಂದುಹಾಕುತ್ತದೆ, ಎರಡನ್ನೂ ಬೇರೆ ಮಾಡಬೇಕು ಎಂದು ವಿವರಿಸಿದೆ. ಅಪ್ಪ, "ಚೀಲದ ಬಾಯಿ ಹೊಲೀದೆ ಎತ್ತಿದ್ರೆ ಅಡಿಕೆ ಹಿಂದಿಂದ ಸುರೀತದಲ್ಲ, ಹಂಗೆ" ಅಂದ. ಕಾಲೇಜಿನಲ್ಲಿ ಯಾರೂ ನನಗೆ ಇಷ್ಟು ಚೆನ್ನಾಗಿ ಹೇಳಿರಲಿಲ್ಲ. ಮಂಡಿಯಿಂದ ಹಳೇ ಗೋಣಿ ತಂದು, ದಬ್ಬಳದಲ್ಲಿ ಹೊಲಿದು, ಪೆಟ್ಟಿಗೆಯ ಒಳಮೈಗೆಲ್ಲ ಅವನೇ ಹೊದಿಸಿಕೊಟ್ಟ. ಪೆಟ್ಟಿಗೆ ಅಡಿಕೆಯ ವಾಸನೆ ಹೊಡೆಯುತ್ತಿತ್ತು.

ಹೊತ್ತುಕೊಂಡು ಡಿಕ್ಕಿಯ ಹತ್ತಿರ ಬಂದೆವು. ಅಪ್ಪ ಒಂದೇ ಸಲ ಕಣ್ಣು ಹಾಯಿಸಿ, "ಹೋಗಲ್ಲ" ಅಂದ.

"ಟೇಪ್ ಹಿಡಿದು ಅಳ್ದಿದೀನಪ್ಪ."

"ಹೊಟ್ಟೆ ಅಳ್ದಿದೀಯ. ಬಾಯಿ ಅಳ್ದಿದೀಯಾ?"

ಅಳೆದಿರಲಿಲ್ಲ. ಹೋಗಲೂ ಇಲ್ಲ. ಅಣ್ಣ ನಕ್ಕು ನಕ್ಕು ಬಾವಿಕಟ್ಟೆ ಮೇಲೆ ಕೂತುಬಿಟ್ಟ. ಕೊನೆಗೆ ಹಿಂದಿನ ಸೀಟು ಕಿತ್ತು, ಸೀಟಿನ ಬೆನ್ನಿಗಿದ್ದ ತಗಡನ್ನು ಕೊಯ್ದು, ಕಾರಿನ ಒಳಗಿನಿಂದ ಪೆಟ್ಟಿಗೆ ತಳ್ಳಿದೆವು. ತಗಡು ಕೊಯ್ಯುವಾಗ ಅಣ್ಣ ಆ ಕಡೆ ಮುಖ ಮಾಡಿ ನಿಂತಿದ್ದ. ಪೆಟ್ಟಿಗೆ ಜರುಗದಂತೆ ಡಿಕ್ಕಿಯ ಕಡೆಯಿಂದ ಎಂಟು ಸ್ಕ್ರೂ ಬಿಗಿದು, ಸೀಟನ್ನು ಮತ್ತೆ ಕೂರಿಸಿದೆ. ಪೆಟ್ಟಿಗೆಯ ಹಿಂದೆ ಒಂದು ತಗಡಿನ ಟ್ರಂಕು ಹಿಡಿಯುವಷ್ಟು ಜಾಗ ಉಳಿಯಿತು.

ಮೊದಲ ಸಲ ಕ್ಯಾಸೆಟ್ ಹಾಕಿದಾಗ ನಾವೆಲ್ಲ ನಮ್ಮ ವಯಸ್ಸು ಮರೆತೆವು. ಅಡುಗೆಮನೆಯ ಗೂಡಿನಲ್ಲಿ ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎಂದವು. ಪಕ್ಕದ ಮನೆಯ ಹುಂಜ ಮಧ್ಯಾಹ್ನ ಮೂರಕ್ಕೆ ಕೂಗಿತು. ಅಪ್ಪ ಹಿಂದಿನ ಸೀಟಿನಲ್ಲಿ ಕಾಲು ನೀಡಿ ಕೂತು, "ಬೆನ್ನೊಳಗೆ ಯಾರೋ ಭತ್ತ ಕುಟ್ತಿದಾರೋ!" ಎಂದು ಕಿರುಚಿದ. ಅಣ್ಣ ಕಾರಿನ ಸುತ್ತ ಮೂರು ಸುತ್ತು ಕುಣಿದ.

ಒಂದೇ ತೊಂದರೆ. ಪ್ರತಿ ಗುಡುಗಿಗೂ ಡಿಕ್ಕಿಯ ಬಾಗಿಲು ಕಟಕಟಕಟ ಎನ್ನುತ್ತಿತ್ತು. ಅಂಚಿನ ರಬ್ಬರು ಸವೆದು ಹೋಗಿತ್ತು.

ನನಗೆ ಹೊಳೆದದ್ದು ಹಲಸಿನ ಮೇಣ. ಹಣ್ಣು ಕೊಯ್ದಾಗ ಬರುವ ಅಂಟನ್ನು ಅಮ್ಮ ಒಂದು ಕೋಲಿಗೆ ಸುತ್ತಿ ಇಡುತ್ತಿದ್ದಳು. ಕೊಡಪಾನ ಸೋರಿದರೆ ಅದನ್ನು ಕಾಯಿಸಿ ತೂತಿಗೆ ಮೆತ್ತಿದರೆ ಆಯಿತು, ವರ್ಷಗಟ್ಟಲೆ ಬರುತ್ತಿತ್ತು. ನಾನು ಕೋಲು ಕೇಳಿದಾಗ ಅಮ್ಮ ಕೊಡಲಿಲ್ಲ.

"ಕೊಡಪಾನದಲ್ಲಿ ನೀರಿರ್ತದೆ ಮಾರಾಯಾ, ತಂಪು. ಕಾರು ಬಿಸ್ಲಲ್ಲಿ ನಿಲ್ಲೋದು. ಮೇಣ ಇಳೀತದೆ."

"ಅಮ್ಮಾ, ಇದು ಫಿಸಿಕ್ಸು. ನಿಂಗೆ ಗೊತ್ತಾಗಲ್ಲ."

ಈ ಮಾತು ನಾನು ಆಡಿದ್ದು ನಿಜ. ಅಮ್ಮ ಕೋಲು ಕೊಟ್ಟು ಒಳಗೆ ಹೋದಳು. ಅಂಚಿಗೆಲ್ಲ ಮೇಣ ಮೆತ್ತಿ ಮೇಲೆ ಬಟ್ಟೆಪಟ್ಟಿ ಹಚ್ಚಿದೆ. ಸಂಜೆ ತಂಪಿನಲ್ಲಿ ಹಾಡು ಹಾಕಿದರೆ ಡಿಕ್ಕಿ ಮಾತೇ ಆಡಲಿಲ್ಲ. ನನ್ನ ಹೆಮ್ಮೆಗೆ ನೆಲ ಸಿಗಲಿಲ್ಲ.

ಮೇ ತಿಂಗಳ ಬಿಸಿಲಿನಲ್ಲಿ ದಿಬ್ಬಣ ಹೊರಟಿತು. ತನ್ನ ಕಾರನ್ನು ಬೇರೆಯವರ ಕೈಗೆ ಕೊಡಲು ಒಪ್ಪದೆ ಮದುಮಗನೇ ಡ್ರೈವರಾಗಿದ್ದ. ಅವನ ಪೇಟ ನನ್ನ ತೊಡೆಯ ಮೇಲಿತ್ತು. ಅಪ್ಪ, ಅಮ್ಮ ಹಿಂದಿನ ಸೀಟಿನಲ್ಲಿ, ಉಳಿದವರು ಹಿಂದೆ ವ್ಯಾನಿನಲ್ಲಿ. ತಾಳಿ, ಧಾರೆ ಸೀರೆ ಎರಡೂ ಡಿಕ್ಕಿಯ ಟ್ರಂಕಿನಲ್ಲಿ. ಕೋಣಂದೂರಿಗೆ ಒಂದು ಮೈಲಿ ಇರುವಾಗಲೇ ವಾಲ್ಯೂಮ್ ಗುಂಡಿ ಪೂರ್ತಿ ತಿರುಗಿಸಿದೆ. ಹೊಲದಲ್ಲಿದ್ದವರು ಆಕಾಶ ನೋಡಿದರು, ಮಳೆ ಬಂತೇನೋ ಎಂದು. ಚಪ್ಪರದಿಂದ ಜನ ರಸ್ತೆಗೆ ಓಡಿಬಂದರು. ಮುಂದೆಯೇ ಇದ್ದರು ಜರಿ ಶಾಲಿನ ಸೋದರಮಾವ. ಅಣ್ಣ ಇಳಿದು ಪೇಟ ಇಟ್ಟುಕೊಂಡು ರಾಜನ ಹಾಗೆ ನಿಂತ.

ಮುಹೂರ್ತಕ್ಕೆ ಮುಕ್ಕಾಲು ಗಂಟೆ ಇತ್ತು. ಅಮ್ಮ ಅಂದಳು, "ಟ್ರಂಕು ತೆಗಿ."

ಡಿಕ್ಕಿ ತೆಗೆಯಲಿಲ್ಲ. ಕೀಲಿ ತಿರುಗಿತು, ಬಾಗಿಲು ಅಲುಗಲಿಲ್ಲ. ಮೇಣ ಬಿಸಿಲಿಗೆ ಇಳಿದು ಸುತ್ತಲೂ ಒಂದೇ ಬೆಸುಗೆ ಹಾಕಿದ ಹಾಗೆ ಕಚ್ಚಿಕೊಂಡಿತ್ತು. ನಾನು ಎಳೆದೆ, ಅಪ್ಪ ಎಳೆದ, ಇಬ್ಬರೂ ಎಳೆದೆವು. ಸೀಟಿನ ಕಡೆಯಿಂದ ಹೋಗೋಣವೆಂದರೆ ನಡುವೆ ನನ್ನದೇ ಪೆಟ್ಟಿಗೆ. ಅದರ ಸ್ಕ್ರೂಗಳು ಡಿಕ್ಕಿಯ ಒಳಗೆ.

"ಎಂತ ಬಿಎಸ್ಸಿಯವ್ರೇ," ಸೋದರಮಾವ ಹತ್ತಿರ ಬಂದರು, "ಬೀಗ ಹಾಕಿ ಕೀಲಿ ನುಂಗಿದ್ರಾ?"

ಯಾರೋ "ಹಾರೆ ತರ್ರೋ" ಎಂದು ಕೂಗಿದರು. ಅಣ್ಣ ಕಾರನ್ನೊಮ್ಮೆ ನೋಡಿದ. "ಹಾಕಿ" ಅಂದ. ಆ ಒಂದು ಮಾತು ಆಡಲು ಅವನಿಗೆ ಎಷ್ಟು ಕಷ್ಟವಾಯಿತೆಂದು ನನಗೆ ಗೊತ್ತು.

"ಹಾರೆ ಬೇಡ," ಅಮ್ಮ ತಡೆದಳು. "ಕೊಬ್ರಿ ಎಣ್ಣೆ ಇದ್ರೆ ಕೊಡಿ."

ಹುಡುಗಿಯ ತಾಯಿ ಅಡುಗೆಯವರ ಎಣ್ಣೆ ಡಬ್ಬವನ್ನೇ ತಂದರು. ಹಲಸಿನ ಹಣ್ಣು ಕೊಯ್ಯುವ ಮುಂಚೆ ಕೈಗೆ ಎಣ್ಣೆ ಹಚ್ಚಿಕೊಳ್ಳುವುದು ಆ ಚಪ್ಪರದಲ್ಲಿ ಎಲ್ಲರಿಗೂ ಗೊತ್ತಿತ್ತು, ನನಗೂ. ಅಂಚಿನುದ್ದಕ್ಕೂ ಸುರಿದೆವು. ಎಣ್ಣೆ ಸಂದಿಯ ಮೇಲೇ ನಿಂತಿತು. ಒಳಗೆ ಇಳಿಯಲೊಲ್ಲದು. ಚಪ್ಪರದೊಳಗಿನಿಂದ ಭಟ್ಟರ ಕರೆ ಬಂತು.

ನಿಂತ ಎಣ್ಣೆಯನ್ನು ನೋಡುತ್ತಿದ್ದಾಗ ನನಗೆ ಲೋಟಗಳ ಕಿಣಿಕಿಣಿ ನೆನಪಾಯಿತು.

"ಅಣ್ಣಾ, ಹಾಡು ಹಾಕು."

"ಈಗ ಹಾಡಾ?"

"ಪೂರ್ತಿ ಜೋರಾಗಿ ಹಾಕು. ಮಾವಯ್ಯ, ನೀವೊಂದು ಉಪಕಾರ ಮಾಡಿ. ಬಾಗಿಲ ಮೇಲೆ ಭಾರ ಬಿಟ್ಟು ಒತ್ತಿ, ಮತ್ತೆ ಬಿಡಿ."

ಅಲ್ಲಿದ್ದವರಲ್ಲಿ ತೂಕದ ಆಸಾಮಿ ಅವರೇ. ಬೇರೆ ದಾರಿಯಿಲ್ಲದೆ ಅವರು ಡಿಕ್ಕಿಯ ಮೇಲೆ ಎದೆಯೂರಿ ಬಾಗಿದರು. ಹಾಡು ಶುರುವಾಯಿತು. ಧಿಮ್ ಎಂದಿತು ಪೆಟ್ಟಿಗೆ. ಮಾವನ ಕೆನ್ನೆ ನಡುಗಿತು, ಶಾಲು ನಡುಗಿತು, ಮಾತೂ ನಡುಗಿತು: "ಇ-ಇ-ಇದು ಎಂ-ಎಂ-ಎಂತದಾ ಮಾ-ಮಾ-ಮಾರಾಯಾ!"

ವಾಲಗದ ಡೋಲಿನವನಿಗೆ ಕೈ ತಡೆಯಲಾಗಲಿಲ್ಲ, ತಾಳ ಹಿಡಿದೇಬಿಟ್ಟ. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಎಣ್ಣೆ ಅಂಚಿನ ಮೇಲೆ ಕುಣಿಯಿತು, ಗುಳ್ಳೆಯೆದ್ದಿತು, ಆಮೇಲೆ ಸಣ್ಣಗೆ ಸಂದಿಯೊಳಗೆ ಇಳಿಯತೊಡಗಿತು. ಅಮ್ಮ ಸುರಿದಳು, ಮಾವ ಒತ್ತಿದರು, ಬಿಟ್ಟರು, ಒತ್ತಿದರು. ಎರಡನೇ ಚರಣದಲ್ಲಿ ಫಟ್ ಎಂದು ಬಾಗಿಲು ಮೇಲೆ ಹಾರಿತು. ಮಾವ ಅಪ್ಪನ ತೋಳಿಗೆ ಬಿದ್ದರು. ಮನೆಯ ಕಿಟಕಿಯಿಂದ ಒಂದು ದೊಡ್ಡ ನಗು ಕೇಳಿತು. ತಲೆಯೆತ್ತಿ ನೋಡಿದರೆ, ಬಾಸಿಂಗ ಕಟ್ಟಿಕೊಂಡ ಮದುಮಗಳೇ.

ತಾಳಿ ಹೊತ್ತಿಗೆ ಸರಿಯಾಗಿ ಕೊರಳಿಗೆ ಬಿತ್ತು.

ಊಟದ ಪಂಕ್ತಿಯಲ್ಲಿ ಸೋದರಮಾವ ಎಣ್ಣೆ ಮೆತ್ತಿದ ಶಾಲನ್ನು ಮಡಿಚಿ ಪಕ್ಕಕ್ಕಿಟ್ಟು ಅಪ್ಪನ ಎದುರಿಗೆ ಕೂತರು. "ಎದೆ ಇನ್ನೂ ನಡುಗ್ತದೆ ಕಣ್ರೀ. ಇದಕ್ಕೆಲ್ಲ ಬಿಎಸ್ಸಿ ಬೇಕಾ?" ಎಂದು ಕೇಳಿದರು.

ಈ ಸಲ ಅಪ್ಪ ಸುಮ್ಮನೆ ನಗಲಿಲ್ಲ. ಪಾಯಸದ ಕೈ ತಡೆದು ಹೇಳಿದ: "ನಡುಗ್ಸೋದಕ್ಕೆ ಬೇಕು. ಎಣ್ಣೆಗೆ ಬೇಡ. ಅದು ಅವ್ನ ಅಮ್ಮಂಗೇ ಗೊತ್ತಿತ್ತು."

ಬಡಿಸುತ್ತಿದ್ದವರ ಕೈಯಿಂದ ಪಾಯಸ ಇಸಿದುಕೊಂಡು ಅಮ್ಮನ ಎಲೆಗೆ ನಾನೇ ಬಡಿಸಿದೆ. ಅವಳು, "ಸಾಕು ಫಿಸಿಕ್ಸು, ಸಾಕು" ಎಂದು ಕೈ ಅಡ್ಡ ಹಿಡಿದಳು.

ವಾಪಸು ಹೊರಟಾಗ, ಮತ್ತೆ ಕಚ್ಚಿಕೊಳ್ಳದಿರಲೆಂದು ಡಿಕ್ಕಿಯ ಬಾಗಿಲನ್ನು ಪೂರ್ತಿ ಮುಚ್ಚದೆ ಹಗ್ಗದಲ್ಲಿ ಕಟ್ಟಿದ್ದೆವು. ಅತ್ತಿಗೆ ಅಪ್ಪ, ಅಮ್ಮನ ನಡುವೆ ತಲೆ ತಗ್ಗಿಸಿ ಕೂತಿದ್ದಳು. ಹೊಸ ಸೊಸೆ ಹೆದರಿಯಾಳೆಂದು ಹಾಡು ಸಣ್ಣಗಿಟ್ಟಿದ್ದೆ. ಊರು ದಾಟಿತು, ಅವಳ ಅಳು ನಿಂತಿತು. ಆಮೇಲೆ ಅವಳು ನಮ್ಮ ಮನೆಯವರೊಡನೆ ಆಡಿದ ಮೊದಲ ಮಾತು ಹಿಂದಿನಿಂದ ಬಂತು:

"ಇದು ಇಷ್ಟೇ ಬರೋದಾ? ಬೆಳಿಗ್ಗೆ ಜೋರಾಗಿತ್ತಲ್ಲ?"

ಅಣ್ಣ ಕನ್ನಡಿಯಲ್ಲಿ ಅವಳನ್ನು ನೋಡಿದ, ಆಮೇಲೆ ನನ್ನ ಕಡೆ ತಿರುಗಿದ. ನಾನು ಗುಂಡಿಗೆ ಕೈ ಹಾಕಿದೆ.