ಕಾಲಿಗೆ ಕಾಣುವ ನಕ್ಷೆ

ಇಪ್ಪತ್ತು ವರ್ಷ ಕರಿಹಲಗೆಯ ಮೇಲೆ ಬದನೆಕಾಯಿ, ಹೂಜಿ ಮತ್ತು ಮುಚ್ಚಳ ತೆರೆದ ಪೆಟ್ಟಿಗೆ ಬರೆದ ಮನುಷ್ಯನಿಗೆ ಮನೆಯ ನಕ್ಷೆ ಬರೆಯಲು ಬರುತ್ತದೆಂದು ಯಾರೂ ಹೇಳಿರಲಿಲ್ಲ. ಬರುವುದಿಲ್ಲವೆಂದೂ ಯಾರೂ ಹೇಳಲಿಲ್ಲ. ಇಂಥ ಮೌನವನ್ನು ಒಪ್ಪಿಗೆಯೆಂದು ತಿಳಿಯುವುದು ಡ್ರಾಯಿಂಗ್ ಮಾಸ್ತರರ ಕುಲಧರ್ಮ. ನಾನು ಆ ಧರ್ಮವನ್ನು ಚಾಚೂ ತಪ್ಪದೆ ಪಾಲಿಸಿದೆ.

ಆಗ ನಾವು ಧಾರವಾಡದಲ್ಲಿ ಒಂದು ಹಳೆಯ ವಾಡೆಯ ಅರ್ಧ ಭಾಗದಲ್ಲಿ ಬಾಡಿಗೆಗೆ ಇದ್ದೆವು. ಮಾಲೀಕರ ಮಗನ ಲಗ್ನ ಗೊತ್ತಾಯಿತು; ಮುಂದಿನ ಯುಗಾದಿಯೊಳಗೆ ಜಾಗ ಬಿಟ್ಟುಕೊಡಿರೆಂದು ಅವರು ಬಹಳ ಸಂಕೋಚದಿಂದ, ಎರಡು ಸಲ ಚಹಾ ಕುಡಿಸಿ ಹೇಳಿದರು. ಕೆಲಗೇರಿಯ ಕಡೆ ಹೋಗುವ ದಾರಿಯಲ್ಲಿ ನನ್ನದೊಂದು ಖಾಲಿ ಜಾಗವಿತ್ತು. ಎರಡನೆಯ ಮಹಾಯುದ್ಧ ಇನ್ನೂ ಶುರುವಾಗಿರಲಿಲ್ಲ, ಸಿಮೆಂಟು ಪೇಟೆಯಲ್ಲಿ ಸಿಗುತ್ತಿತ್ತು. ಅದೇ ಹೊತ್ತಿಗೆ ಮುಂಬಯಿಯಿಂದ ಬಂದ ಸಹೋದ್ಯೋಗಿಯೊಬ್ಬರು ಹೊಸ ಮನೆಗಳ ಚಿತ್ರಗಳಿದ್ದ ಒಂದು ಮಾಸಪತ್ರಿಕೆ ತಂದು ಸ್ಟಾಫ್ ರೂಮಿನಲ್ಲಿ ಇಟ್ಟರು. ಅದನ್ನು ನೋಡಿದ ಮೇಲೆ ನಾನು ನಾನಾಗಿ ಉಳಿಯಲಿಲ್ಲ.

ಆ ಮನೆಗಳು ಕಡಲಿನಲ್ಲಿ ತೇಲುವ ಹಡಗಿನ ಹಾಗಿದ್ದವು. ಗೋಡೆಗಳಿಗೆ ಮೂಲೆಯೇ ಇಲ್ಲ, ಎಲ್ಲ ದುಂಡಗೆ ತಿರುಗುತ್ತವೆ. ಬಾಗಿಲಿಗೆ ಹೊಸ್ತಿಲಿಲ್ಲ. ನೆಲ ಕನ್ನಡಿ. ನಡುವೆ ಒಂದು ದೊಡ್ಡ ಹಾಲು, ಅದಕ್ಕೆ ಎಲ್ಲ ಕೋಣೆಗಳ ಬಾಗಿಲೂ ತೆರೆಯುತ್ತವೆ. ನಾನು ಮಕ್ಕಳ ಚೌಕಳಿ ನೋಟುಬುಕ್ಕಿನ ಹಾಳೆಗಳನ್ನು ಅಂಟಿಸಿ ಒಂಬತ್ತು ಸಲ ನಕ್ಷೆ ಬರೆದೆ. ಮೂಲೆಯಿದ್ದರೆ ಕಸ, ಕಸವಿದ್ದರೆ ರೋಗ, ಆದ್ದರಿಂದ ಮೂಲೆ ವರ್ಜ್ಯ ಎಂದು ಅಂಚಿನಲ್ಲಿ ಟಿಪ್ಪಣಿ ಕೂಡ ಬರೆದೆ. ಹೊಸ್ತಿಲು ಎಡವುವುದಕ್ಕಾಗಿಯೇ ನಮ್ಮ ಪೂರ್ವಜರು ಕಂಡುಹಿಡಿದ ಸಾಧನವೆಂದು ಹೆಂಡತಿಗೆ ವಿವರಿಸಿದೆ. ಆಕೆ ಸೌತೆಕಾಯಿ ಕೊಚ್ಚುತ್ತ ಪೂರ್ತಿ ಕೇಳಿದಳು.

"ಅತ್ಯಾರಿಗೆ ತೋರಿಸೀರೇನು?" ಎಂದಳು.

"ಆಕಿಗೆ ಕಣ್ಣ ಕಾಣಂಗಿಲ್ಲ. ನಕ್ಷಾ ಏನ್ ತೋರಿಸ್ಲಿ?"

"ಅದಕ್ಕ ಕೇಳಿದೆ," ಎಂದು ಆಕೆ ಸೌತೆಕಾಯಿಗೆ ಮರಳಿದಳು.

ಅತ್ತೆಯೆಂದರೆ ನನ್ನ ತಂದೆಯ ಅಕ್ಕ. ಹದಿನಾಲ್ಕಕ್ಕೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದಾಕೆ. ನನ್ನ ತಾಯಿ ತೀರಿಕೊಂಡಾಗ ನಾನು ಎರಡು ವರ್ಷದವನು. ಅಲ್ಲಿಂದ ಮುಂದೆ ನನ್ನನ್ನು ಬೆಳೆಸಿದವಳು ಆಕೆಯೇ. ಆರು ವರ್ಷಗಳಿಂದ ಕಣ್ಣು ಮಂಜಾಗುತ್ತ ಬಂದು, ಈಗ ಬೆಳಕು ಯಾವುದು ಕತ್ತಲೆ ಯಾವುದು ಎನ್ನುವಷ್ಟು ಮಾತ್ರ ಉಳಿದಿತ್ತು. ಆದರೂ ನಸುಕಿನಲ್ಲಿ ಎದ್ದು, ಬಚ್ಚಲಿಗೆ ಹೋಗಿ, ತಣ್ಣೀರು ಸುರಿದುಕೊಂಡು, ಒದ್ದೆ ಸೀರೆಯಲ್ಲೇ ದೇವರ ಮನೆಗೆ, ಅಲ್ಲಿಂದ ಅಡುಗೆಮನೆಗೆ ಒಬ್ಬಳೇ ಹೋಗುತ್ತಿದ್ದಳು. ಮಡಿಯಲ್ಲಿರುವವರನ್ನು ಮುಟ್ಟುವಂತಿಲ್ಲ, ಅಂದಮೇಲೆ ಕೈ ಹಿಡಿದು ನಡೆಸುವ ಮಾತೇ ಇಲ್ಲ. ಆ ಹಳೆಯ ವಾಡೆಯಲ್ಲಿ ಆಕೆಗೆ ಕೈ ಬೇಕೂ ಇರಲಿಲ್ಲ. ಒಂದೊಂದು ಹೊಸ್ತಿಲನ್ನೂ ಕಾಲಿನಿಂದ ಎಣಿಸುತ್ತ, ಒಂದೊಂದು ಮೂಲೆಯಲ್ಲೂ ತಿರುಗುತ್ತ ಹೋಗಿಬಿಡುತ್ತಿದ್ದಳು. ಹೀಗೆ ನಾನು ಯಾವ ಎರಡು ವಸ್ತುಗಳನ್ನು ಮನೆಯಿಂದ ಗಡೀಪಾರು ಮಾಡಿದ್ದೆನೋ, ಅವೆರಡೇ ಆಕೆಯ ಕಣ್ಣುಗಳಾಗಿದ್ದವು. ಈ ವಿಷಯ ಡ್ರಾಯಿಂಗ್ ಮಾಸ್ತರನಿಗೆ ಹೊಳೆದಿರಲಿಲ್ಲ.

ಅಂದು ಸಂಜೆ ನಕ್ಷೆಯನ್ನು ಬಾಯಿಂದ ಓದಿ ಹೇಳಿದೆ. ಆಕೆ ಬತ್ತಿ ಹೊಸೆಯುತ್ತ ಕೇಳಿದಳು.

"ಛಲೋ ಅದ. ನೀವು ಹೋಗ್ರಿ. ನಾ ಸುಳ್ಳಕ್ಕ ಹೋಗ್ತೇನಿ."

ಸುಳ್ಳ ಆಕೆ ಹುಟ್ಟಿದ ಊರು. ನನ್ನ ದೊಡ್ಡಪ್ಪನ ಮಗ ಅಲ್ಲಿದ್ದ.

"ಯಾಕ ಅತ್ತಿ? ಹೊಸಾ ಮನ್ಯಾಗ ನಿನಗ ಏನ್ ಕಡಿಮಿ?"

"ಇಲ್ಲೆ ನನಗ ಕಣ್ಣ ಕಾಣಂಗಿಲ್ಲ, ಅಷ್ಟ. ಅಲ್ಲೆ ನಾ ಕುರುಡಿ ಆಗ್ತೇನಿ. ಮತ್ತೊಬ್ಬರ ಕೈ ಹಿಡೀಬೇಕು. ಕೈ ಹಿಡದ್ರ ಮಡಿ ಹೋತು, ಮಡಿ ಹೋದ್ರ ಒಲಿ ಹೋತು. ಮೂಲ್ಯಾಗ ಕೂತು ಹಾಕಿದ್ದು ಉಣಬೇಕು. ನಿನ್ನ ಮನ್ಯಾಗ ಕೂಡ್ಲಿಕ್ಕೆ ಮೂಲಿನೂ ಇಲ್ಲಂತಲೋ."

ನಗುತ್ತ ಹೇಳಿದಳು. ನನಗೆ ನಗು ಬರಲಿಲ್ಲ.

ಆದರೂ ಕೆಲಸ ಶುರುವಾಗಲೇಬೇಕು. ಬಾವಿ ಕಟ್ಟುವುದರಲ್ಲಿ ಹೆಸರಾದ ಒಬ್ಬ ವಯಸ್ಸಾದ ಗೌಂಡಿಯನ್ನು ಗೊತ್ತುಮಾಡಿದೆ. ಆತ ನನ್ನ ಒಂಬತ್ತನೆಯ ನಕ್ಷೆಯನ್ನು ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ ಹಿಡಿದು ನೋಡಿದ.

"ಚಿತ್ರ ಭಾಳ ಚಂದ ಐತ್ರಿ ಮಾಸ್ತರ. ಮನಿ ಯಾವಾಗ ತೋರಸ್ತೀರಿ?"

"ಇದ ಮನಿ."

"ಕಾಗದದಾಗ ಯಾರ್ ಇರ್ತಾರ್ರಿ? ನೆಲದ ಮ್ಯಾಲ ಹಾಕೂಣು."

ಸುಣ್ಣದ ಪುಡಿಯಿಂದ ಜಾಗದ ಮೇಲೆ ಗೆರೆ ಎಳೆದೆವು. ಧಾರವಾಡದ ಆಷಾಢದ ಗಾಳಿಗೆ ವಾಸ್ತುಶಿಲ್ಪದಲ್ಲಿ ತನ್ನದೇ ಅಭಿಪ್ರಾಯಗಳಿವೆ. ಅದು ಎರಡು ಸಲ ನನ್ನ ಮನೆಯನ್ನು ಒರೆಸಿಹಾಕಿತು. ಮೂರನೆಯ ಸಲ ಗೌಂಡಿ ಸುಣ್ಣ ಬಿಟ್ಟು, ಒಡೆದ ಸಣ್ಣ ಕಲ್ಲು, ಅಂದರೆ ಖಡಿ ತರಿಸಿ, ಗೇಣಗಲದ ಗೆರೆಗಳನ್ನು ಹಾಕಿದ. ಈ ಸಲ ಮನೆ ನಿಂತಿತು.

ಅತ್ತೆಯನ್ನು ಅಲ್ಲಿಗೆ ಕರೆದೊಯ್ಯುವ ವಿಚಾರ ಹೆಂಡತಿಯದು. "ನೀವು ಬರದೀರಿ, ನೀವ ನೋಡಿದ್ರಿ, ನೀವ ಭೇಷ್ ಅಂದ್ರಿ. ಮನ್ಯಾಗ ನಡ್ಯಾವ್ರು ಒಮ್ಮೆ ನಡದು ನೋಡ್ಲಿ," ಎಂದಳು. ಟಾಂಗಾ ಮಾಡಿ ಕರೆದುಕೊಂಡು ಹೋದೆವು. ಅತ್ತೆ ಎಂದೂ ಚಪ್ಪಲಿ ಮೆಟ್ಟಿದವಳಲ್ಲ. ಬರಿಗಾಲಲ್ಲೇ ಇಳಿದಳು.

ನಾನು ಮ್ಯೂಝಿಯಮ್ಮಿನ ಸಿಪಾಯಿಯ ಗತ್ತಿನಲ್ಲಿ ಮುಂದೆ ನಡೆದೆ. "ಅತ್ತಿ, ಈಗ ನೀ ಹಾಲಿನ್ಯಾಗ ಇದ್ದಿ."

"ಹಂಗಂದ್ರ?"

"ಬಂದವರು ಕೂಡೋ ಜಾಗಾ."

"ಪಡಸಾಲಿ ಅನ್ನಲ ಮತ್ತ. ಬಚ್ಚಲ ಎಲ್ಲದ?"

ಬಚ್ಚಲು ಹಾಲಿನ ಈ ಬದಿ, ದೇವರ ಮನೆ ಆ ಬದಿ. ನಡುವೆ ಸೋಫಾಗಳಿಗೆಂದು ನಾನು ಮೀಸಲಿಟ್ಟ ಜಾಗ. ಅದು ಕಿವಿಗೆ ಬಿದ್ದಕೂಡಲೇ ಆಕೆ ನಿಂತಳು.

"ನಾ ಒದ್ದಿ ಸೀರಿ ಉಟ್ಟು, ಕೈಯಾಗ ತಂಬಿಗಿ ಹಿಡಕೊಂಡು, ಬೂಟು ಹಾಕ್ಕೊಂಡು ಕೂತ ನಿನ್ನ ಹೆಡ್ ಮಾಸ್ತರನ ಮುಂದ ಮೆರವಣಿಗಿ ಹೋಗಬೇಕೇನೋ?"

ಗೌಂಡಿ ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡ. ನನ್ನ ಹೆಂಡತಿಗೆ ಮುಚ್ಚಿಕೊಳ್ಳಲು ಸೆರಗಿತ್ತು. ನಾನೊಬ್ಬನೇ ನಿರಾಶ್ರಿತ.

ಆಮೇಲೆ ಆದದ್ದು ಮಾತ್ರ ನಗುವ ಸಂಗತಿಯಲ್ಲ. "ಬಿಡ್ರಿ, ನಾನ ಒಬ್ಬಾಕಿನ ನಡೀತೇನಿ," ಎಂದು ಅತ್ತೆ ನನ್ನ ಹಾಲಿನ ಅರ್ಧಚಂದ್ರ ಗೋಡೆಯ ಖಡಿಗೆರೆಯನ್ನು ಕಾಲಿನಿಂದ ಹಿಡಿದು ಹೊರಟಳು. ಮೂಲೆ ಬರುತ್ತದೆಂದು ಕಾಯುತ್ತ ನಡೆದಳು. ಮೂಲೆ ಬರಲಿಲ್ಲ. ತಿರುಗಿದ್ದು ಆಕೆಗೆ ತಿಳಿಯಲೇ ಇಲ್ಲ. ಗೋಡೆ ಮುಗಿದಲ್ಲಿ ನಿಂತು, ಒಂದು ಕೈ ಸ್ವಲ್ಪ ಮುಂದೆ ಚಾಚಿ, ಕೆಲಗೇರಿಯ ಕೆರೆಯ ಕಡೆ ಮುಖ ಮಾಡಿ, "ದೇವರ ಮನಿ ಇದರ ಮುಂದ ಅಲ್ಲೇನೋ?" ಎಂದು ಕೇಳಿದಳು. ನಾನು ಆಕೆಯ ಬೆನ್ನ ಹಿಂದಿದ್ದೆ. ಆಕೆ ಕೇಳಿದ ಕಡೆ ಯಾರೂ ಇರಲಿಲ್ಲ.

ಆರು ವರ್ಷಗಳಲ್ಲಿ ಆಕೆ ಹೀಗೆ ಬಯಲಿನ ಜೊತೆ ಮಾತಾಡಿದ್ದನ್ನು ನಾನು ನೋಡಿರಲಿಲ್ಲ. ಒಂಬತ್ತು ನಕ್ಷೆಗಳನ್ನೂ ಅಲ್ಲಿಯೇ ಹರಿದು ಗಾಳಿಗೆ ಕೊಡಬೇಕೆನಿಸಿತು.

ಗೌಂಡಿ ಅಷ್ಟು ಹೊತ್ತೂ ನೋಡುತ್ತಿದ್ದುದು ಆಕೆಯ ಮುಖವನ್ನಲ್ಲ, ಕಾಲನ್ನು. ಹತ್ತಿರ ಬಂದು ಕೇಳಿದ:

"ಅವ್ವಾರ, ಆ ಗ್ವಾಡಿ ಗೆರಿ ಕಾಲಿಗೆ ಹೆಂಗ ತಿಳೀತ್ರಿ?"

"ತಿಳೀದೇನು? ಖಡಿ ಅಂಗಾಲಿಗೆ ಹತ್ತತಾವ. ಮಣ್ಣ ಬ್ಯಾರೆ, ಖಡಿ ಬ್ಯಾರೆ."

"ಒಂದ ಚೂರು ನಿಲ್ರಿ."

ಆತ ಬುಟ್ಟಿ ತಂದು, ನನ್ನ ಅಪ್ಪಣೆ ಕೇಳದೆ, ನನ್ನ ಅರ್ಧಚಂದ್ರ ಗೋಡೆಯನ್ನೇ ಬಾಚಿ ತುಂಬಿಕೊಂಡ. ಮುಂಬಯಿಯ ಮಾಸಪತ್ರಿಕೆ, ನನ್ನ ತಿಂಗಳುಗಟ್ಟಲೆಯ ತಪಸ್ಸು, ಎಲ್ಲ ಎರಡು ಬುಟ್ಟಿಯಲ್ಲಿ ಹಿಡಿಸಿತು. ಆ ಖಡಿಯನ್ನು ಜಾಗದ ಹಿಂಬದಿಗೆ ಒಯ್ದು ಅಗಲವಾದ ಒಂದು ನೇರ ಪಟ್ಟಿ ಹಾಸಿದ. ಒಂದು ಕಡೆ ಬಚ್ಚಲೆಂದ, ನಡುವೆ ದೇವರ ಮನೆಯೆಂದ, ಕೊನೆಗೆ ಅಡುಗೆಮನೆಯೆಂದ. ಬಾಗಿಲು ಬರುವ ಎರಡು ಕಡೆ ಅಡ್ಡಲಾಗಿ ಒಂದೊಂದು ಸಾಲು ದಪ್ಪ ಕಲ್ಲಿಟ್ಟ.

"ಈಗ ಬರ್ರಿ ಅವ್ವಾರ."

ಅತ್ತೆ ಪಟ್ಟಿಯ ಮೇಲೆ ಕಾಲಿಟ್ಟಳು. ಕೈ ಚಾಚಲಿಲ್ಲ. ದಪ್ಪ ಕಲ್ಲು ತಾಗಿದಲ್ಲಿ ನಿಂತು, ಎಡಕ್ಕೆ ತಿರುಗಿ, "ಇಲ್ಲೆ ದೇವರ ಮನಿ ಬಾಗಲಾ," ಎಂದಳು. ಕೇಳಲಿಲ್ಲ, ಹೇಳಿದಳು. ಮುಂದೆ ಹೋಗಿ ಎರಡನೆಯ ಕಲ್ಲಿನಲ್ಲಿ ನಿಂತು, "ಇಲ್ಲೆ ಒಲಿ ಇರಬೇಕು. ಹೊಗಿ ಹೋಗ್ಲಿಕ್ಕೆ ಏನ್ ಮಾಡೀಯೋ?" ಎಂದು ನೇರವಾಗಿ ನನ್ನ ಕಡೆಗೇ ತಿರುಗಿದಳು.

ಹೊಗೆಗೆ ನಾನೇನೂ ಮಾಡಿರಲಿಲ್ಲ. ಆ ಸಂಜೆಯೇ ಹತ್ತನೆಯ ನಕ್ಷೆ ಶುರುವಾಯಿತು.

ಅದರಲ್ಲಿ ನನ್ನದೆನ್ನುವುದು ಪೆನ್ಸಿಲ್ಲೊಂದೇ. ಹಾಲಿಗೆ ನಾಲ್ಕು ಮೂಲೆಗಳು ಮರಳಿ ಬಂದವು. ಹಿಂಬದಿಗೆ ಬಚ್ಚಲು, ದೇವರ ಮನೆ, ಅಡುಗೆಮನೆ ಒಂದೇ ಸಾಲಿನಲ್ಲಿ ಕೂತು, ಅವುಗಳ ಮುಂದೆ ಒಂದು ಓಣಿ ಹಾದುಹೋಯಿತು. ನೆಲಕ್ಕೆಲ್ಲ ನುಣುಪು ಫರಸಿ ಕಲ್ಲು. ಓಣಿಯ ನಡುವೆ ಮಾತ್ರ ಉಳಿಯಿಂದ ಕಚ್ಚು ಹೊಡೆದ ಒರಟು ಕಲ್ಲಿನ ಪಟ್ಟಿ, ಬಾಗಿಲುಗಳೆದುರು ಇನ್ನೂ ಆಳವಾದ ಕಚ್ಚು. ಹೊಗೆಗೆ ಒಲೆಯ ಮೇಲೆ ಎತ್ತರದ ಗವಾಕ್ಷಿ. ದುಂಡಗಿನ ವಸ್ತುಗಳ ಪೈಕಿ ಉಳಿದದ್ದು ಬಾವಿ ಮಾತ್ರ, ಅದನ್ನು ಚೌಕವಾಗಿ ತೋಡಲು ಗೌಂಡಿ ಒಪ್ಪದ ಕಾರಣ.

ಕಚ್ಚಿನ ಆಳ ಎಷ್ಟಿರಬೇಕೆಂಬುದನ್ನು ತೀರ್ಮಾನಿಸಲು ಗೌಂಡಿ ಮಾದರಿ ಕಲ್ಲುಗಳನ್ನು ವಾಡೆಗೇ ತಂದ. ಅತ್ತೆ ಕಟ್ಟೆಯ ಮೇಲೆ ಹೈಕೋರ್ಟಿನ ಜಡ್ಜಿಯಂತೆ ಕುಳಿತು, ಒಂದೊಂದರ ಮೇಲೂ ಕಾಲಿಟ್ಟು ತೀರ್ಪು ಕೊಟ್ಟಳು. "ಇದು ಭಾಳ ನುಣುಪು, ನಿನ್ನ ಮಾತಿನ್ಹಂಗ," ಎಂದಳು ನನಗೆ. "ಇದು ಚುಚ್ಚತದ. ನಾ ಏನ್ ಹರಕಿ ಹೊತ್ತೇನೇನು?" ಐದನೆಯದಕ್ಕೆ, "ಹಾಂ. ಇದು ಮಾತಾಡ್ತದ," ಎಂದಳು. ಗೌಂಡಿ ಆ ಕಲ್ಲನ್ನು ಮಾತ್ರ ಟವೆಲ್ಲಿನಲ್ಲಿ ಸುತ್ತಿಕೊಂಡು ಹೋದ.

ಇಷ್ಟಾದರೂ ಆಕೆ ಬರುತ್ತೇನೆಂದು ಹೇಳಿರಲಿಲ್ಲ. "ಗೃಹಪ್ರವೇಶಕ್ಕ ಬರ್ತೇನಿ. ನಡದು ನೋಡ್ತೇನಿ. ಆಮ್ಯಾಲ ಹೇಳ್ತೇನಿ." ಅಷ್ಟೇ ಮಾತು. ಸುಳ್ಳಕ್ಕೆ ಒಯ್ಯಲು ಬಟ್ಟೆಯ ಗಂಟು ಕಟ್ಟಿಯೇ ಬಂದಳು.

ಗೃಹಪ್ರವೇಶದ ಮರುದಿನ ಬೆಳಿಗ್ಗೆ ಓಣಿಯ ಕಡೆ ಯಾರೂ ಸುಳಿಯಬಾರದೆಂದು ಅಪ್ಪಣೆಯಾಯಿತು. ನಾನೂ ಹೆಂಡತಿಯೂ ಹಾಲಿನಲ್ಲಿ, ಪರೀಕ್ಷೆಯ ಫಲಿತಾಂಶಕ್ಕೆ ಕಾಯುವವರಂತೆ ಕೂತೆವು. ಬಚ್ಚಲಲ್ಲಿ ನೀರು ಸುರಿದ ಸದ್ದು. ಆಮೇಲೆ ಒದ್ದೆ ಕಾಲಿನ ಸದ್ದು. ಆಮೇಲೆ ತಂಬಿಗೆ ಗೋಡೆಗೆ ತಾಗಿದ ಸದ್ದು, ಅದರ ಹಿಂದೆಯೇ ಪೂರ್ತಿ ನಿಶ್ಶಬ್ದ. ನಾನು ಎದ್ದೆ.

"ಕೂಡ್ರಿ," ಎಂದಳು ಹೆಂಡತಿ ನನ್ನ ತೋಳು ಹಿಡಿದು. "ಬೇಕಾದ್ರ ಅವರ ಕರೀತಾರ."

ಕರೆಯಲಿಲ್ಲ. ಸ್ವಲ್ಪ ಹೊತ್ತಿಗೆ ದೇವರ ಮನೆಯಿಂದ ಗಂಟೆ ಕೇಳಿಸಿತು. ಹೆಂಡತಿ ನನ್ನ ತೋಳು ಬಿಟ್ಟು ಕಣ್ಣೊರೆಸಿಕೊಂಡಳು. ಹೊಸ ಸುಣ್ಣದ ಖಾರವೆಂದಳು. ನನಗೂ ಅದೇ ಖಾರ ತಾಗಿತ್ತು. ಇಂಗಿನ ಒಗ್ಗರಣೆಯ ವಾಸನೆ ಬಂದಮೇಲೆ ಒಳಗಿನಿಂದ ಕೂಗು ಬಂತು: "ಮಂದಿ ಎಲ್ಲಿ ಸತ್ತೀರಿ? ಅನ್ನ ಆರ್ಲಿಕತ್ತದ!"

ನನ್ನ ಜೀವಮಾನದಲ್ಲಿ ಅನೇಕ ಪ್ರಶಸ್ತಿಪತ್ರಗಳನ್ನು ಬೇರೆಯವರಿಗಾಗಿ ಅಲಂಕರಿಸಿ ಬರೆದುಕೊಟ್ಟಿದ್ದೇನೆ. ನನಗೆ ಸಿಕ್ಕಿದ್ದು ಇದೊಂದು. ಅದೇ ಸಾಕು. ಆ ಗೌಂಡಿಯ ಋಣ, ಸೌತೆಕಾಯಿ ಕೊಚ್ಚುತ್ತ ಸುಮ್ಮನೆ ಕೇಳಿದವಳ ಋಣ ನನ್ನ ಮೇಲೆ ಇನ್ನೂ ಹಾಗೆಯೇ ಇದೆ. ತೀರಿಸಬೇಕೆಂಬ ಅವಸರವೂ ನನಗಿಲ್ಲ, ಹೊತ್ತುಕೊಂಡಿರುವುದು ಹಿತವಾಗಿದೆ.

ಮೂರನೆಯ ದಿನ ಸುಳ್ಳದಿಂದ ದೊಡ್ಡಪ್ಪನ ಮಗ ಚಕ್ಕಡಿ ಕಟ್ಟಿಕೊಂಡು ಬಂದ. ಅತ್ತೆ ಅವನಿಗೆ ಹೊಟ್ಟೆ ತುಂಬ ಉಣ್ಣಿಸಿ, ಜೋಳದ ಬೆಳೆ ಹೇಗಿದೆಯೆಂದು ವಿಚಾರಿಸಿ, ಕಳಿಸಿಕೊಟ್ಟಳು. ಹೋಗುವುದರ ಬಗ್ಗೆ ಅವನೂ ಕೇಳಲಿಲ್ಲ, ಆಕೆಯೂ ಎತ್ತಲಿಲ್ಲ. ನಾನಂತೂ ಉಸಿರನ್ನೇ ಎತ್ತಲಿಲ್ಲ.

ಎಂಟು ದಿನಕ್ಕೆ ಗೌಂಡಿಗೆ ಹೇಳಿಕಳಿಸಿದಳು. ಆತ ಏನು ಬಿರುಕು ಬಿಟ್ಟಿತೋ ಎಂದು ಗಾಬರಿಯಾಗಿ ಬಂದ.

"ಇನ್ನೊಂದು ಪಟ್ಟಿ ಬೇಕು. ಹಿತ್ತಲ ಬಾಗಲದಿಂದ ತುಳಸಿಕಟ್ಟಿ ತನಕ."

"ಆಗ್ಲಿ ತಗೋರಿ ಅವ್ವಾರ."

"ಅಲ್ಲಿಂದ ಬಾಜೂ ಮನಿ ಗೇಟಿನ ತನಕ. ಆಕಿ ಛಲೋ ಮಾತಾಡ್ತಾಳ."

"ನಡುವ ಮುನಸಿಪಾಲ್ಟಿ ರಸ್ತಾ ಬರ್ತೈತ್ರಿ!"

"ಮುನಸಿಪಾಲ್ಟಿಯವರಿಗೆ ನನ್ನ ಹೆಸರು ಹೇಳು."

ವಿಷಯ ಗಂಭೀರವಾಗುತ್ತಿದೆಯೆಂದು ನಾನು ಹನ್ನೊಂದನೆಯ ನಕ್ಷೆಗಾಗಿ ಕಾಗದ ತರಲು ಎದ್ದೆ. ಗೌಂಡಿ ನನ್ನನ್ನು ನೋಡಿ ತಲೆಯಾಡಿಸಿದ.

"ಕುಂದರ್ರಿ ಮಾಸ್ತರ," ಎಂದ. "ಮೊದಲ ಅವ್ವಾರು ನಡೀಲಿ."